ಆ ಹುಡುಗಿಯ ಹೆಸರನ್ನೂ ವೇದಿಕೆಯಲ್ಲಿ ಕರೆಯಿರಿ

ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕನ್ನಡದ ಅಪ್ಪ ಅಮ್ಮಂದಿರಿಗೆ ನಮಸ್ಕಾರ.

ಕಳೆದ ಜೂನ್‌ನಲ್ಲಿ ನಮ್ಮ ಕಡೆ ನಡೆದ ಒಂದು ಕನ್ನಡ ಕಾರ್ಯಕ್ರಮದಲ್ಲಿ ಹೈಸ್ಕೂಲ್ ಮುಗಿಸಿದ ಮಕ್ಕಳಿಗೆ ಸನ್ಮಾನ ಇತ್ತು. ಒಬ್ಬೊಬ್ಬರನ್ನೇ ಕರೆದು, ಯಾವ ಯೂನಿವರ್ಸಿಟಿ ಸೇರುತ್ತಿದ್ದಾರೆ ಅಂತ ಮೈಕಿನಲ್ಲಿ ಓದಿದರು. ಪ್ರತಿ ಹೆಸರಿಗೂ ಚಪ್ಪಾಳೆ. ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬ ಹುಡುಗಿ ಕೂತಿದ್ದಳು. ಅವಳೂ ಅದೇ ವರ್ಷ ಹೈಸ್ಕೂಲ್ ಮುಗಿಸಿದವಳು. ಅವಳ ಹೆಸರು ಕರೆಯಲಿಲ್ಲ. ಆಮೇಲೆ ಊಟದ ಸಾಲಿನಲ್ಲಿ ಯಾರೋ ಅವಳ ಅಮ್ಮನನ್ನು ಕೇಳಿದರು, "ಮಗಳು ಎಲ್ಲಿಗೆ ಹೋಗ್ತಿದ್ದಾಳೆ?" "ಇನ್ನೂ ಏನೂ ಡಿಸೈಡ್ ಆಗಿಲ್ಲ" ಅಂದರು ಅಮ್ಮ. ಹುಡುಗಿ ಕೈಯಲ್ಲಿದ್ದ ತಟ್ಟೆ ನೋಡುತ್ತಾ ನಿಂತಳು.

ಡಿಸೈಡ್ ಆಗಿತ್ತು. ಸನ್ಮಾನ ಶುರುವಾಗುವ ಮುಂಚೆ ಅವಳೇ ನನಗೆ ಹೇಳಿದ್ದಳು. ಮನೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದ ಕಮ್ಯೂನಿಟಿ ಕಾಲೇಜು, ಅಂದರೆ ಎರಡು ವರ್ಷ ಓದಿ ಆಮೇಲೆ ಯೂನಿವರ್ಸಿಟಿಗೆ ಹೋಗಬಹುದಾದ ಸರ್ಕಾರಿ ಕಾಲೇಜು. ಓದುವುದು ಸಮಾಜಶಾಸ್ತ್ರ. ಅದನ್ನು ಹೇಳುವಾಗ ಅವಳ ಮುಖ ಅರಳಿತ್ತು. ಒಂದು ಗಂಟೆಯೊಳಗೆ ಬಾಡಿಹೋಯಿತು.

ಆ ತಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಆ ಮಾತನ್ನು ಅವರ ಬಾಯಲ್ಲಿ ಹೇಳಿಸಿದವರು ಅಲ್ಲಿದ್ದ ನಾವೆಲ್ಲ. "ಕಮ್ಯೂನಿಟಿ ಕಾಲೇಜು" ಅಂದ ಕೂಡಲೇ ನಮ್ಮವರು "ಅಯ್ಯೋ, ಯಾಕೆ, ಏನಾಯ್ತು?" ಅಂತಾರೆ. ಸೋಷಿಯಲ್ ಸೈನ್ಸ್ ಅಂದರಂತೂ ಮಾತೇ ನಿಂತುಹೋಗುತ್ತದೆ. ಊರಿನಲ್ಲಿ ಪಿಯುಸಿಗೆ ಸೈನ್ಸ್ ಸಿಗದವರು ಮಾತ್ರ ಆರ್ಟ್ಸ್ ತಗೋತಾರೆ ಅಂತ ನಂಬಿ ಬೆಳೆದವರು ನಾವು. ಆ ನಂಬಿಕೆ ಇಲ್ಲಿಗೆ ಬಂದ ಮೇಲೂ ಬಿಟ್ಟಿಲ್ಲ. ಅದೇ ಊರಿನಲ್ಲಿ ಬಿಇ ಮುಗಿಸಿದ ಹುಡುಗರು ಐಎಎಸ್, ಕೆಎಎಸ್‌ಗೆ ಕೂತಾಗ ಸಮಾಜಶಾಸ್ತ್ರದ, ರಾಜ್ಯಶಾಸ್ತ್ರದ ಪುಸ್ತಕ ಹಿಡಿದು ರಾತ್ರಿಯಿಡೀ ಓದುತ್ತಾರೆ. ಆಗ ಯಾರೂ ಅದನ್ನು ದಡ್ಡರ ವಿಷಯ ಅನ್ನುವುದಿಲ್ಲ, ಅಲ್ವಾ?

ಈ ಪತ್ರ ಬರೆಯಲು ನನಗೇನು ಹಕ್ಕಿದೆ ಅಂತ ಕೇಳಿದರೆ, ನಾನೂ ಅಂಥದೇ ಕಾಲೇಜಿನಲ್ಲಿ ಅದೇ ವಿಷಯ ಓದಿದವಳು.

ಮಂಡ್ಯದಲ್ಲಿ ಬಿಕಾಂ ಮಾಡಿ, ಮದುವೆಯಾಗಿ, ಸನಿವೇಲ್‌ಗೆ ಬಂದೆ. ಗಂಡನ ಕೆಲಸದ ವೀಸಾದ ಜೊತೆ ಹೆಂಡತಿಗೆ ಸಿಗುವ ಎಚ್-4 ವೀಸಾ. ಕೆಲಸ ಮಾಡುವ ಹಾಗಿರಲಿಲ್ಲ, ಓದಲು ಅಡ್ಡಿ ಇರಲಿಲ್ಲ. ಮಗು ಪ್ರೀಸ್ಕೂಲಿಗೆ ಹೋಗಲು ಶುರು ಮಾಡಿದ ಮೇಲೆ, 2013ರಲ್ಲಿ, ಸಂಜೆ ಕ್ಲಾಸಿಗೆ ಸೇರಿದೆ. ಒಂದು ವರ್ಷಕ್ಕೂ ಜಾಸ್ತಿ ಕಾಲ ಇಲ್ಲೇ ವಾಸ ಇದ್ದಿದ್ದರಿಂದ ಇಲ್ಲಿಯವರಿಗಿರುವ ಶುಲ್ಕವೇ ನನಗೂ ಅನ್ವಯ ಆಯಿತು. ಸಮಾಜಶಾಸ್ತ್ರವನ್ನು ಹುಡುಕಿಕೊಂಡು ಹೋದವಳಲ್ಲ. ಗಂಡ ಮನೆಗೆ ಬಂದು ಮಗುವನ್ನು ನೋಡಿಕೊಳ್ಳುವ ಹೊತ್ತಿಗೆ ಸರಿಹೋಗುವ ಕ್ಲಾಸು ಅದೊಂದೇ ಇತ್ತು.

ಮೊದಲ ದಿನ ಆ ಕೋಣೆಯಲ್ಲಿ ಕೂತಿದ್ದವರನ್ನು ಇವತ್ತಿಗೂ ಮರೆತಿಲ್ಲ. ಇರಾಕ್ ಯುದ್ಧಕ್ಕೆ ಹೋಗಿ ಬಂದ ಒಬ್ಬ ಸೈನಿಕ. ದಿನವಿಡೀ ನೇಲ್ ಸಲೂನ್‌ನಲ್ಲಿ ದುಡಿದು ಸಂಜೆ ಬರುತ್ತಿದ್ದ ವಿಯೆಟ್ನಾಂ ಮೂಲದ ಹೆಂಗಸು. ಅಪ್ಪ ಅಮ್ಮ ಇಬ್ಬರೂ ಮೆಕ್ಸಿಕೋದಿಂದ ತೋಟದ ಕೆಲಸಕ್ಕೆ ಬಂದಿದ್ದ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಹುಡುಗ. ಅರವತ್ತು ದಾಟಿದ ಒಬ್ಬ ಅಜ್ಜಿ. ಹದಿನೆಂಟರ ಮಕ್ಕಳು. ನಾನು. ಕುಟುಂಬ, ದುಡಿಮೆ, ಬಡತನ, ವಲಸೆ, ಯಾವ ಪಾಠ ಶುರುವಾದರೂ ಅದನ್ನು ಬದುಕಿದವರು ಯಾರಾದರೂ ಕ್ಲಾಸಿನಲ್ಲಿ ಇದ್ದೇ ಇರುತ್ತಿದ್ದರು. ದೊಡ್ಡ ಯೂನಿವರ್ಸಿಟಿಯ ಮೊದಲ ವರ್ಷದಲ್ಲಿ ಮುನ್ನೂರು ಜನರ ಹಾಲಿನಲ್ಲಿ, ಎಲ್ಲರೂ ಒಂದೇ ವಯಸ್ಸಿನವರ ನಡುವೆ ಕೂತು, ಈ ಪಾಠ ಹೀಗೆ ಸಿಗುವುದಿಲ್ಲ.

ನಮ್ಮ ಮೇಷ್ಟ್ರು ಕೊಟ್ಟ ಮೊದಲ ಅಸೈನ್‌ಮೆಂಟ್ ಹೀಗಿತ್ತು. ಇಲ್ಲಿ ಜನಗಣತಿಯ ಹಾಳೆಗಳನ್ನು 72 ವರ್ಷ ಗುಟ್ಟಾಗಿ ಇಟ್ಟು ಆಮೇಲೆ ಎಲ್ಲರಿಗೂ ಬಿಚ್ಚಿಡುತ್ತಾರೆ. 1940ರ ಗಣತಿ ಬಿಡುಗಡೆಯಾಗಿದ್ದು 2012ರಲ್ಲಿ. "ನೀವು ಈಗ ವಾಸ ಮಾಡುವ ಜಾಗದಲ್ಲಿ ಆಗ ಯಾರಿದ್ದರು ಅಂತ ಹುಡುಕಿಕೊಂಡು ಬನ್ನಿ" ಅಂದರು. ನಾನಿದ್ದ ಅಪಾರ್ಟ್‌ಮೆಂಟಿನ ಜಾಗ ಹಣ್ಣಿನ ತೋಟ ಆಗಿತ್ತು. ಈ ಇಡೀ ಸಾಂಟಾ ಕ್ಲಾರಾ ಕಣಿವೆಯೇ ಪ್ರೂನ್, ಏಪ್ರಿಕಾಟ್, ಚೆರ್ರಿ ತೋಟಗಳ ನಾಡು. ಕೈಬರಹದ ಆ ಹಾಳೆಗಳಲ್ಲಿ ಇಟಲಿಯವರು, ಪೋರ್ಚುಗೀಸರು ಸಿಕ್ಕರು. ಜಪಾನಿ ಹೆಸರುಗಳೂ ಸಿಕ್ಕವು. ಅಪ್ಪ, ಅಮ್ಮ, ನಾಲ್ಕು ಮಕ್ಕಳು. ಮಕ್ಕಳು ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲೇ.

"ಎರಡು ವರ್ಷ ಆದ ಮೇಲೆ ಈ ಮನೆಯವರು ಎಲ್ಲಿದ್ದರು?" ಅಂತ ಮೇಷ್ಟ್ರು ಕೇಳಿದರು. ನನಗೆ ಗೊತ್ತಿರಲಿಲ್ಲ. 1942ರಲ್ಲಿ ಅಧ್ಯಕ್ಷ ರೂಸ್ವೆಲ್ಟ್ ಒಂದು ಆದೇಶಕ್ಕೆ ಸಹಿ ಹಾಕಿದರು. ಅದರ ನಂತರ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ, ಇಲ್ಲೇ ಹುಟ್ಟಿದ ನಾಗರಿಕರನ್ನೂ ಸೇರಿಸಿ, ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಿದರು. ಸ್ಯಾನ್ ಹೋಸೆಯಲ್ಲಿ ಹುಟ್ಟಿದ ನಾರ್ಮನ್ ಮಿನೆಟಾ ಹತ್ತು ವರ್ಷದ ಹುಡುಗನಾಗಿದ್ದಾಗ ವಯೋಮಿಂಗ್‌ನ ಹಾರ್ಟ್ ಮೌಂಟನ್ ಶಿಬಿರಕ್ಕೆ ಹೋಗಬೇಕಾಯಿತು. ಅದೇ ಹುಡುಗ 1971ರಲ್ಲಿ ಸ್ಯಾನ್ ಹೋಸೆಯ ಮೇಯರ್ ಆದರು. ನಾವೆಲ್ಲ ಊರಿನಿಂದ ಬರುವ ಅಪ್ಪ ಅಮ್ಮನನ್ನು ಕರೆತರಲು ಹೋಗುವ ಸ್ಯಾನ್ ಹೋಸೆ ಏರ್‌ಪೋರ್ಟಿಗೆ ಅವರದೇ ಹೆಸರು. ಎಷ್ಟು ಸಲ ಆ ಬೋರ್ಡು ನೋಡಿದ್ದೆ! ಯಾರು ಅಂತ ಒಂದು ಸಲವೂ ಕೇಳಿರಲಿಲ್ಲ.

ಆಮೇಲೆ ನಮ್ಮವರ ಸರದಿ ಬಂತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿನವರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಭಾರತೀಯರು ಬಿಳಿಯರಲ್ಲ, ಆದ್ದರಿಂದ ಅವರಿಗೆ ಇಲ್ಲಿನ ಪೌರತ್ವ ಸಿಗುವ ಹಾಗಿಲ್ಲ ಅಂತ ತೀರ್ಪು ಕೊಟ್ಟಿತು. ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಭಾರತೀಯರು ಇಲ್ಲಿ ಪೌರರಾಗಬಹುದು ಅಂತ ಕಾನೂನು ಬಂದಿದ್ದು 1946ರಲ್ಲಿ, ಅದೂ ವರ್ಷಕ್ಕೆ ನೂರು ಜನರಿಗೆ ಮಾತ್ರ ಬರಲು ಅವಕಾಶ. ಬಾಗಿಲು ನಿಜವಾಗಿ ತೆರೆದಿದ್ದು 1965ರ ವಲಸೆ ಕಾನೂನಿನಿಂದ. ಅದಕ್ಕೆ ಹಿಂದಿನ ವರ್ಷವಷ್ಟೇ ಕಪ್ಪು ಜನರ ಹೋರಾಟದ ಫಲವಾಗಿ ನಾಗರಿಕ ಹಕ್ಕುಗಳ ಕಾನೂನು ಬಂದಿತ್ತು. ಚರ್ಮ ನೋಡಿ, ಹುಟ್ಟಿದ ದೇಶ ನೋಡಿ ಜನರನ್ನು ಅಳೆಯುವುದು ತಪ್ಪು ಅನ್ನುವ ಗಾಳಿ ಬೀಸುತ್ತಿದ್ದ ಕಾಲ ಅದು. ಅದಿಲ್ಲದೆ 1965 ಆಗುತ್ತಿತ್ತಾ?

ಅವತ್ತು ರಾತ್ರಿ ಬಸ್ಸಿನಲ್ಲಿ ಮನೆಗೆ ಬರುವಾಗ ನನಗೆ ಏನೋ ಕಳಚಿದ ಹಾಗಾಯಿತು. ನಾವು ಇಲ್ಲಿಗೆ ಬಂದಿದ್ದು ನಮ್ಮ ಬುದ್ಧಿಯಿಂದ, ಕಷ್ಟಪಟ್ಟು ಓದಿದ್ದರಿಂದ ಅಂತ ನಂಬಿದ್ದೆ. ಕಷ್ಟಪಟ್ಟಿದ್ದು ನಿಜ. ಆದರೆ ಆ ಹೋರಾಟದಲ್ಲಿ ಅಲಬಾಮಾದ ಬೀದಿಗಳಲ್ಲಿ ಲಾಠಿ ಏಟು ತಿಂದ ಯಾರೋ ಇದ್ದರು. ಅವರ ಋಣ ನಮ್ಮ ಮೇಲಿದೆ. ನಮ್ಮ ಗಣೇಶನ ಹಬ್ಬದಲ್ಲಿ, ರಾಜ್ಯೋತ್ಸವದಲ್ಲಿ ಈ ಮಾತು ಒಮ್ಮೆಯೂ ಬಂದಿದ್ದು ನಾನು ಕೇಳಿಲ್ಲ.

ಇನ್ನೊಂದು ಸಂಗತಿ ಹೇಳಲೇಬೇಕು. ಎರಡನೇ ವರ್ಷ ಮಾನವಶಾಸ್ತ್ರ ತಗೊಂಡೆ. ಊರು ಯಾವುದು ಅಂತ ಮೇಡಂ ಕೇಳಿದರು. ಮಂಡ್ಯ, ಮೈಸೂರಿನ ಹತ್ತಿರ ಅಂದೆ. "ಹಾಗಾದರೆ ಎಂ. ಎನ್. ಶ್ರೀನಿವಾಸ್ ನಿಮ್ಮವರು" ಅಂದರು. ನನಗೆ ಹೆಸರು ಕೂಡ ಗೊತ್ತಿರಲಿಲ್ಲ! ಮೈಸೂರಿನಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು ಅಧ್ಯಯನ ಮಾಡಿದರು. ಬರೆಯುವಾಗ ಆ ಹಳ್ಳಿಯನ್ನು ರಾಂಪುರ ಅಂತ ಕರೆದರು. 1970ರಲ್ಲಿ ಅವರು ಇಲ್ಲೇ, ಸ್ಟ್ಯಾನ್‌ಫರ್ಡ್‌ನ ಗುಡ್ಡದ ಮೇಲಿನ ಸಂಶೋಧನಾ ಕೇಂದ್ರದಲ್ಲಿ, ಅದರ ಬಗ್ಗೆ ಬರೆಯಲು ಕೂತಿದ್ದರು. ಆಗ ಕಿಡಿಗೇಡಿಗಳು ಕೇಂದ್ರಕ್ಕೆ ಬೆಂಕಿ ಇಟ್ಟರು. ವರ್ಷಗಟ್ಟಲೆ ತಿದ್ದಿ ಜೋಡಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಸುಟ್ಟುಹೋದವು. ಅವರು ನೆನಪಿನಿಂದಲೇ ಆ ಹಳ್ಳಿಯನ್ನು ಮತ್ತೆ ಬರೆದರು. ಆ ಪುಸ್ತಕವನ್ನು ಇವತ್ತಿಗೂ ಸಮಾಜ ವಿಜ್ಞಾನ ಓದುವವರು ಬೇರೆ ಬೇರೆ ದೇಶಗಳಲ್ಲಿ ಓದುತ್ತಾರೆ. ನಾವು ವಾರದ ಕೊನೆಗೆ ವಾಕಿಂಗ್ ಹೋಗುವ ಗುಡ್ಡಗಳ ಪಕ್ಕದಲ್ಲೇ ನಡೆದ ಕತೆ ಇದು.

ಹಳ್ಳಿಯಲ್ಲಿ ಜಮೀನು, ಜನಬಲ, ಅಧಿಕಾರ ಇದ್ದ ಜಾತಿಗೆ ಅವರು 'ಪ್ರಬಲ ಜಾತಿ' ಅನ್ನುವ ಹೆಸರು ಕೊಟ್ಟರು. ಅದನ್ನು ಓದಿದಾಗ ನಮ್ಮಜ್ಜಿಯ ಮನೆ ಕಣ್ಣ ಮುಂದೆ ಬಂತು. ಜಗುಲಿಯ ಮೇಲೆ ಯಾರು ಕೂರುತ್ತಿದ್ದರು, ಯಾರು ಅಂಗಳದಲ್ಲೇ ನಿಂತು ಮಾತಾಡುತ್ತಿದ್ದರು, ಯಾರ ಕಾಫಿ ಲೋಟ ಬೇರೆ ಗೂಡಿನಲ್ಲಿ ಇರುತ್ತಿತ್ತು. ಇಪ್ಪತ್ತು ವರ್ಷ ನೋಡಿದ್ದೆ. ನೋಡಿದ್ದೇನೆ ಅಂತ ಗೊತ್ತಾಗಲು ಇಲ್ಲಿನ ಕಮ್ಯೂನಿಟಿ ಕಾಲೇಜಿಗೆ ಬರಬೇಕಾಯಿತು. ಅಜ್ಜಿ ಆಗಲೇ ತೀರಿಹೋಗಿದ್ದರು. ಇದ್ದಿದ್ದರೆ ಫೋನ್ ಮಾಡಿ ಕೇಳುತ್ತಿದ್ದೆ. ಜಗಳ ಆಡಲು ಅಲ್ಲ, ಅವರಿಗೆ ಹೇಗೆ ಅನ್ನಿಸುತ್ತಿತ್ತು ಅಂತ ತಿಳಿಯಲು.

ಈಗ ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗಳಿಗೆ ಬರುತ್ತೇನೆ.

ಕಮ್ಯೂನಿಟಿ ಕಾಲೇಜು ಅಂದರೆ ಕಳಪೆ ಅಲ್ವಾ? ಅಲ್ಲ. ಇದು ಬೇಕಂತಲೇ, ಯೋಚನೆ ಮಾಡಿ ಕಟ್ಟಿದ ವ್ಯವಸ್ಥೆ. ಅಮೆರಿಕದ ಇಂಥ ಮೊದಲ ಸರ್ಕಾರಿ ಕಾಲೇಜು 1901ರಲ್ಲಿ ಇಲಿನಾಯ್‌ನ ಜೋಲಿಯೆಟ್‌ನಲ್ಲಿ ಆರು ವಿದ್ಯಾರ್ಥಿಗಳಿಂದ ಶುರುವಾಯಿತು. ಕ್ಯಾಲಿಫೋರ್ನಿಯಾದಲ್ಲಿ 1910ರಲ್ಲಿ ಫ್ರೆಸ್ನೋದಲ್ಲಿ. 1960ರಲ್ಲಿ ಈ ರಾಜ್ಯ ಒಂದು ದೊಡ್ಡ ಯೋಜನೆ ಮಾಡಿತು. ಹೈಸ್ಕೂಲಿನ ಮೇಲಿನ ಎಂಟನೇ ಒಂದು ಭಾಗದ ಮಕ್ಕಳಿಗೆ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ), ಮೇಲಿನ ಮೂರನೇ ಒಂದು ಭಾಗಕ್ಕೆ ಸ್ಟೇಟ್ ಯೂನಿವರ್ಸಿಟಿ, ಕಲಿಯಲು ಬರುವ ಎಲ್ಲರಿಗೂ ಕಮ್ಯೂನಿಟಿ ಕಾಲೇಜು. ಅಲ್ಲಿ ಎರಡು ವರ್ಷ ಓದಿದವರಿಗೆ ಮೇಲಿನ ಯೂನಿವರ್ಸಿಟಿಗಳಲ್ಲಿ ಮೂರನೇ ವರ್ಷಕ್ಕೆ ಜಾಗ ಇರಬೇಕು ಅನ್ನುವುದೂ ಆ ಯೋಜನೆಯ ಭಾಗವೇ. ಹಿತ್ತಲ ಬಾಗಿಲಲ್ಲ ಅದು. ಈಗ ರಾಜ್ಯದಲ್ಲಿ 116 ಇಂಥ ಕಾಲೇಜುಗಳಿವೆ. ನಮ್ಮಲ್ಲಿ ಎಷ್ಟೋ ಜನ ಆಪಲ್ ಕಂಪನಿಯ ಅನ್ನ ಉಣ್ಣುತ್ತೇವೆ. ಸ್ಟೀವ್ ಜಾಬ್ಸ್ ಆ ಕಂಪನಿಯ ಮೊದಲ ಮ್ಯಾಕಿಂಟಾಷ್ ಕಂಪ್ಯೂಟರ್ ತೋರಿಸಿದ್ದು 1984ರ ಜನವರಿ 24ರಂದು, ಕುಪರ್ಟಿನೋದ ಡಿ ಆಂಜಾ ಕಾಲೇಜಿನ ಸಭಾಂಗಣದಲ್ಲಿ. ಅದು ಕಮ್ಯೂನಿಟಿ ಕಾಲೇಜೇ.

ದುಡ್ಡಿನ ಲೆಕ್ಕ ಬೇಗ ಹೇಳಿಬಿಡುತ್ತೇನೆ. 2012ರಿಂದ ಇಲ್ಲಿಯವರಿಗೆ ಒಂದು ಯೂನಿಟ್‌ಗೆ (ಕೋರ್ಸನ್ನು ಅಳೆಯುವ ಲೆಕ್ಕ) 46 ಡಾಲರ್. ಅಲ್ಲಿ ಸಿಗುವ ಎರಡು ವರ್ಷದ ಅಸೋಸಿಯೇಟ್ ಡಿಗ್ರಿಗೆ 60 ಯೂನಿಟ್. ಅಂದರೆ ಎರಡು ವರ್ಷದ ಶುಲ್ಕ 2,760 ಡಾಲರ್. ಯುಸಿಯಲ್ಲಿ ಒಂದೇ ವರ್ಷಕ್ಕೆ 14 ಸಾವಿರಕ್ಕೂ ಜಾಸ್ತಿ, ಹಾಸ್ಟೆಲ್ ಖರ್ಚು ಬೇರೆ. ಆದಾಯ ಕಡಿಮೆ ಇರುವವರಿಗೆ ಆ 46 ಡಾಲರ್ ಕೂಡ ಮಾಫಿ. ಆಮೇಲೆ ಯೂನಿವರ್ಸಿಟಿಗೆ ಹೋಗಿ ಮುಗಿಸಿದಾಗ ಸಿಗುವ ಬಿಎ ಪದವಿ, ನಾಲ್ಕು ವರ್ಷವೂ ಯೂನಿವರ್ಸಿಟಿಯಲ್ಲೇ ಓದಿದವರಿಗೆ ಸಿಗುವಂಥದೇ.

ಮುಂದಿನ ದಾರಿ ಗಟ್ಟಿ ಇದೆಯಾ? ಇದೆ, ಆದರೆ ಕಣ್ಣು ಬಿಟ್ಟು ನಡೆಯಬೇಕು. 2010ರ ಕಾನೂನಿನಿಂದ ಬಂದ, ಯೂನಿವರ್ಸಿಟಿಗೆ ದಾಟಲೆಂದೇ ಇರುವ ಟ್ರಾನ್ಸ್‌ಫರ್ ಡಿಗ್ರಿಯನ್ನು ಕಮ್ಯೂನಿಟಿ ಕಾಲೇಜಿನಲ್ಲಿ ಮುಗಿಸಿದರೆ ಸ್ಟೇಟ್ ಯೂನಿವರ್ಸಿಟಿಗಳಲ್ಲಿ ಎಲ್ಲಾದರೂ ಒಂದು ಕಡೆ ಸೀಟು ಖಾತ್ರಿ. ಸಮಾಜಶಾಸ್ತ್ರ, ಮನಶ್ಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಎಲ್ಲದಕ್ಕೂ ಅಂಥ ಡಿಗ್ರಿ ಇದೆ. ಬೇಕಾದ ಊರಿನದೇ ಸಿಗುತ್ತದೆ ಅಂತ ಮಾತ್ರ ಹೇಳಲಾಗದು. ಯುಸಿಗಳಲ್ಲಿ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್, ಈ ಆರು ಕಡೆ ಅವರು ಹೇಳಿದ ಅಂಕ, ಕೋರ್ಸು ಪೂರೈಸಿದರೆ ಖಾತ್ರಿ ಪ್ರವೇಶ ಇದೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋದಲ್ಲಿ ಖಾತ್ರಿ ಇಲ್ಲ, ಆದರೆ ಅಲ್ಲಿಗೂ ಪ್ರತಿ ವರ್ಷ ಸಾವಿರಾರು ಮಕ್ಕಳು ಕಮ್ಯೂನಿಟಿ ಕಾಲೇಜಿನಿಂದಲೇ ಹೋಗುತ್ತಾರೆ.

ಕಷ್ಟವನ್ನೂ ಮುಚ್ಚಿಡುವುದಿಲ್ಲ. ಎರಡೇ ವರ್ಷದಲ್ಲಿ ಮುಗಿಸುವವರು ಕಡಿಮೆ. ಕೆಲಸ, ಮಕ್ಕಳು, ಬಾಡಿಗೆ, ಎಲ್ಲ ಎಳೆಯುತ್ತವೆ. ಅರ್ಧದಲ್ಲಿ ಬಿಡುವವರು ಬಹಳ. ನನಗೂ ಒಬ್ಬ ಸಲಹೆಗಾರರು ಅವಸರದಲ್ಲಿ ಒಂದು ತಪ್ಪು ಕೋರ್ಸು ಹೇಳಿದರು. ಅದು ನಾನು ಸೇರಬೇಕಿದ್ದ ಪದವಿಗೆ ಲೆಕ್ಕಕ್ಕೇ ಬರಲಿಲ್ಲ. ಇಡೀ ಒಂದು ಟರ್ಮ್ ಹೋಯಿತು. ಆಮೇಲೆ ಅಸಿಸ್ಟ್ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ ಯಾವ ಕಾಲೇಜಿನ ಯಾವ ಕೋರ್ಸು ಯಾವ ಯೂನಿವರ್ಸಿಟಿಯಲ್ಲಿ ನಡೆಯುತ್ತದೆ ಅಂತ ನಾನೇ ನೋಡಲು ಕಲಿತೆ. ಮಗು ಸೇರಿದ ಮೊದಲ ವಾರವೇ ಅದನ್ನು ಜೊತೆಗೆ ಕೂತು ನೋಡಿ. ಕಾಲೇಜು ಪ್ರವೇಶ ಪರೀಕ್ಷೆ ಎಸ್‌ಎಟಿಯ ಕೋಚಿಂಗಿಗೆ ಕೊಡುವ ಸಮಯದಲ್ಲಿ ಕಾಲು ಭಾಗ ಸಾಕು.

ನಮಗೆ ಪಾಠ ಮಾಡಿದ ಮೇಷ್ಟ್ರ ಬಗ್ಗೆಯೂ ಹೇಳಬೇಕು. ಈ ಕಾಲೇಜುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮೇಷ್ಟ್ರುಗಳು ಪಾರ್ಟ್ ಟೈಮ್. ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು, ಸಂಜೆ ಮತ್ತೊಂದು. ಅವರನ್ನು ಇಲ್ಲಿ 'ಫ್ರೀವೇ ಫ್ಲೈಯರ್' ಅಂತಾರೆ. ನಮ್ಮ ಮೇಷ್ಟ್ರಿಗೆ ಸ್ವಂತ ಕೋಣೆ ಇರಲಿಲ್ಲ. ಕಾರಿನ ಡಿಕ್ಕಿಯಲ್ಲಿ ಪುಸ್ತಕ ಇಟ್ಟುಕೊಂಡಿರುತ್ತಿದ್ದರು. ಕ್ಲಾಸು ಮುಗಿದ ಮೇಲೆ ಪಾರ್ಕಿಂಗ್ ಲಾಟಿನ ದೀಪದ ಕೆಳಗೆ ನಿಂತು ನನ್ನ ಇಂಗ್ಲಿಷ್ ಪ್ರಬಂಧವನ್ನು ಸಾಲು ಸಾಲಾಗಿ ತಿದ್ದಿಕೊಟ್ಟಿದ್ದಾರೆ. ಕಾಲೇಜು ಕಳಪೆ ಅನ್ನುವ ಮಾತು ಕೇಳಿದಾಗ ನನಗೆ ಅವರ ನೆನಪಾಗಿ ಹೊಟ್ಟೆ ಉರಿಯುತ್ತದೆ.

ಕೆಲಸ ಸಿಗುತ್ತದಾ ಅನ್ನುವ ಭಯ. ಅದು ಸುಮ್ನೆ ತಳ್ಳಿಹಾಕುವ ಭಯ ಅಲ್ಲ. ಕಂಪ್ಯೂಟರ್ ಸೈನ್ಸ್ ಸಂಬಳ ಇದರಲ್ಲಿ ಇರುವುದಿಲ್ಲ, ಮಕ್ಕಳಿಗೆ ಅದನ್ನು ನೇರವಾಗಿ ಹೇಳಿ. ಆದರೆ ದಾರಿಗಳೇ ಇಲ್ಲ ಅನ್ನಬೇಡಿ. ಸ್ಕೂಲ್ ಕೌನ್ಸೆಲರ್, ಸೋಷಿಯಲ್ ವರ್ಕರ್, ಟೀಚರ್, ವಕೀಲರು, ನಗರ ಯೋಜನೆ, ಸಾರ್ವಜನಿಕ ಆರೋಗ್ಯ. ಟೆಕ್ ಬೇಕು ಅನ್ನುವವರಿಗೆ ಅಲ್ಲೂ ಜಾಗ ಇದೆ. ಪಾಲೊ ಆಲ್ಟೊದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಲೂಸಿ ಸಚ್‌ಮನ್ ಎಂಬ ಮಾನವಶಾಸ್ತ್ರಜ್ಞೆ 1980ರ ದಶಕದಲ್ಲಿ, ಜನ ಕಾಪಿ ಮಷೀನಿನ ಮುಂದೆ ಹೇಗೆ ತಬ್ಬಿಬ್ಬಾಗುತ್ತಾರೆ ಅಂತ ಕೂತು ನೋಡಿ ಅಧ್ಯಯನ ಮಾಡಿದರು. ಯಂತ್ರ ಕಟ್ಟುವವರಿಗೆ ಮನುಷ್ಯರನ್ನು ತಿಳಿದವರು ಬೇಕು ಅಂತ ಆ ಕೆಲಸ ತೋರಿಸಿಕೊಟ್ಟಿತು.

ನಾನು ಸ್ಯಾನ್ ಹೋಸೆ ಸ್ಟೇಟ್‌ನಲ್ಲಿ ಬಿಎ ಮುಗಿಸಿ ಈಗ ವಯಸ್ಸಾದವರ ಜೊತೆ ಕೆಲಸ ಮಾಡುತ್ತೇನೆ. ಅವರಲ್ಲಿ ನಮ್ಮವರೂ ಇದ್ದಾರೆ. ಮಗನ ಮನೆಗೆ ಬಂದು, ಬೆಳಿಗ್ಗೆಯಿಂದ ಸಂಜೆಯವರೆಗೆ ಯಾರ ಜೊತೆಯೂ ಕನ್ನಡದಲ್ಲಿ ಮಾತಾಡದೆ ಕೂರುವ ಅಜ್ಜ ಅಜ್ಜಿಯರು. ಡಾಕ್ಟರ ಹತ್ತಿರ "ಎಲ್ಲಾ ಚೆನ್ನಾಗಿದೆ" ಅಂತಾರೆ. "ಅಮ್ಮ, ಮಧ್ಯಾಹ್ನ ಏನು ಮಾಡ್ತೀರಿ?" ಅಂತ ನಾನು ಕೇಳಿದಾಗ ಕಣ್ಣೀರು ಬರುತ್ತದೆ. ಆ ಪ್ರಶ್ನೆ ಕೇಳಲು, ಕೇಳಿ ಸುಮ್ಮನೆ ಕಾಯಲು ನಾನು ಕಲಿತಿದ್ದು ಆ ಸಂಜೆ ಕ್ಲಾಸುಗಳಲ್ಲಿ. ನಿಮ್ಮ ಅಪ್ಪ ಅಮ್ಮನಿಗೆ ನಾಳೆ ಇಂಥವರೊಬ್ಬರು ಬೇಕಾಗುತ್ತಾರೆ. ಅವರು ಯಾರ ಮನೆಯ ಮಗುವಾಗಬೇಕು?

ನನ್ನ ಬೇಡಿಕೆ ಚಿಕ್ಕದು. ಬರುವ ಜೂನ್‌ನಲ್ಲಿ ಸನ್ಮಾನದ ಪಟ್ಟಿ ಮಾಡುವಾಗ ಹೈಸ್ಕೂಲ್ ಮುಗಿಸಿದ ಎಲ್ಲ ಮಕ್ಕಳ ಹೆಸರನ್ನೂ ಬರೆಯಿರಿ. ಕಮ್ಯೂನಿಟಿ ಕಾಲೇಜಿನಿಂದ ಟ್ರಾನ್ಸ್‌ಫರ್ ಆಗಿ ಹೊರಟ ಇಪ್ಪತ್ತು ವರ್ಷದವರನ್ನೂ, ನನ್ನ ಹಾಗೆ ಮೂವತ್ತು ದಾಟಿ ಓದಿದ ಅಮ್ಮಂದಿರನ್ನೂ ಸೇರಿಸಿ. ಮೈಕಿನಲ್ಲಿ ಯೂನಿವರ್ಸಿಟಿಯ ಹೆಸರು ಓದುವ ಬದಲು ಮಗು ಏನು ಓದಲು ಹೊರಟಿದೆ, ಯಾಕೆ ಅಂತ ಒಂದು ಸಾಲು ಓದಿ. ಆ ಸಾಲನ್ನು ಮಗುವೇ ಬರೆದುಕೊಡಲಿ, ಕನ್ನಡದಲ್ಲಿ ಆದರೆ ಇನ್ನೂ ಖುಷಿ.

ಪಟ್ಟಿ ಮಾಡುವ ಕೆಲಸಕ್ಕೆ ಜನ ಸಿಗುವುದಿಲ್ಲ ಅಂತ ಪ್ರತಿ ವರ್ಷ ಕೇಳುತ್ತೇನೆ. ನಾನು ಬರುತ್ತೇನೆ. ಮನೆಮನೆಗೆ ಫೋನ್ ಮಾಡುವುದು ನನಗೆ ಬಿಡಿ. ಆ ಹುಡುಗಿಯ ಮೊದಲ ಟರ್ಮ್ ಮುಗಿದಿದೆಯಂತೆ. 1940ರ ಗಣತಿ ಹಾಳೆಯಲ್ಲಿ ತಮ್ಮ ಬೀದಿ ಹುಡುಕುತ್ತಿದ್ದಾಳೆ ಅಂತ ಮೊನ್ನೆ ಅವಳ ಅಮ್ಮನೇ ಫೋನ್ ಮಾಡಿ ಹೇಳಿದರು. ಅಮ್ಮನೂ ಪಕ್ಕದಲ್ಲಿ ಕೂತು ಹುಡುಕುತ್ತಿದ್ದಾರಂತೆ.

ಇಂತಿ,
ಸನಿವೇಲ್‌ನಲ್ಲಿರುವ ಮಂಡ್ಯದ ಒಬ್ಬಳು